ಸೈಟಿಗೆ ಬರುವ ಮುಂಚೆ ಐಎಸ್ 456 ಓದಿ

ಬಳ್ಳಾರಿಯ ಸೈಟುಗಳಿಗೆ ಹೊಸದಾಗಿ ಬರುವ ಡಿಪ್ಲೊಮಾ ಹುಡುಗರಿಗೆ ನಾನು ಹೇಳುವುದು ಒಂದೇ ಪುಸ್ತಕ: ಐಎಸ್ 456:2000, ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ಒಳಗೆ ಬರೀ ಕಲಮು, ಕೋಷ್ಟಕ. ಆದರೆ ಹಾಜರಿ ಬರೆದುಕೊಂಡು ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು, ತಪ್ಪು ಕಂಡಾಗ ಕೆಲಸ ನಿಲ್ಲಿಸುವ ಎಂಜಿನಿಯರ್ ಆಗುವುದು ಇದನ್ನು ಓದಿದ ಮೇಲೆಯೇ.

ಮೊದಲ ಪುಟದಿಂದ ಶುರು ಮಾಡಬೇಡಿ. ಡಿಸೈನ್ ಭಾಗ ಆಮೇಲೆ. 5ರಿಂದ 17ರವರೆಗಿನ ಕಲಮುಗಳನ್ನು ಹಿಡಿಯಿರಿ. ಅವತ್ತು ಸೈಟಿನಲ್ಲಿ ಯಾವ ಕೆಲಸವೋ ಅದರ ಕಲಮನ್ನು ಬೆಳಿಗ್ಗೆಯೇ ಓದಿ.

ನೀರನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಎಷ್ಟೋ ಬೋರುಗಳ ನೀರು ಉಪ್ಪು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 6ಕ್ಕಿಂತ ಕಡಿಮೆ ಇರಬಾರದು. ಕ್ಲೋರೈಡ್ ಬರೀ ಕಾಂಕ್ರೀಟಿಗಾದರೆ ಲೀಟರಿಗೆ 2000 ಮಿಲಿಗ್ರಾಂವರೆಗೆ ನಡೆಯುತ್ತದೆ, ಸರಳು ಹಾಕಿದ್ದಕ್ಕೆ 500 ಮಾತ್ರ. ಸರಳಿನ ಮೇಲಿನ ತೆಳು ರಕ್ಷಣಾ ಪದರವನ್ನು ಕ್ಲೋರೈಡ್ ಒಡೆಯುತ್ತದೆ, ತುಕ್ಕು ಉಬ್ಬಿ ಕವರ್, ಅಂದರೆ ಸರಳನ್ನು ಮುಚ್ಚಿದ ಕಾಂಕ್ರೀಟ್, ಸೀಳುತ್ತದೆ. ಛತ್ತಿನಿಂದ ಚಕ್ಕೆ ಉದುರುವ ಮನೆಗಳನ್ನು ನೋಡಿದ್ದೀರಲ್ಲ, ಅದೇ.

ಇನ್ನು ಮೇಸ್ತ್ರಿ ಹಾಕಿಸುವ ಹೆಚ್ಚಿನ ಬಕೆಟ್ ನೀರು. ಎಂ20 ದರ್ಜೆಯ ಆರ್‌ಸಿಸಿಗೆ (ಸರಳು ಹಾಕಿದ ಕಾಂಕ್ರೀಟಿಗೆ), ಸೌಮ್ಯ ವಾತಾವರಣದಲ್ಲಿ, ನೀರು-ಸಿಮೆಂಟ್ ಅನುಪಾತದ ಮಿತಿ 0.55. ಅಂದರೆ 50 ಕೆಜಿ ಚೀಲಕ್ಕೆ 27.5 ಲೀಟರ್, ಉಸುಕಿನ ಹಸಿಯೂ ಅದರಲ್ಲೇ ಸೇರಬೇಕು. ಮಾಲು ಸಲೀಸಾಗಲಿ ಎಂದು ಸುರಿದ ನೀರು ಆರಿ ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ, ಬಲ ಅಲ್ಲೇ ಹೋಗುತ್ತದೆ.

ನಮ್ಮ ಬಿಸಿಲಿಗೆ ಅತಿ ಮುಖ್ಯ ಕಲಮು 13.5. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ಹಾಕಿದ ಕಾಂಕ್ರೀಟನ್ನು ಹಸಿಯಾಗಿಡುವುದು), ಒಣ ಬಿಸಿ ಹವೆಯಲ್ಲಿ ಕನಿಷ್ಠ 10. ಪಿಪಿಸಿಯಂಥ (ಪೋರ್ಟ್‌ಲ್ಯಾಂಡ್ ಪೊಜೊಲಾನ) ಮಿಶ್ರ ಸಿಮೆಂಟಿಗೆ 14ರವರೆಗೆ ಮುಂದುವರಿಸಲು ಶಿಫಾರಸು ಇದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿಯೇ, ಆದ್ದರಿಂದ ಏಪ್ರಿಲ್‌ನಲ್ಲಿ ‘ಏಳು ದಿನ ಆಯ್ತು’ ಎಂದರೆ ಒಪ್ಪಬೇಡಿ. ಸ್ಲ್ಯಾಬಿಗೆ ಮಡಿ ಕಟ್ಟಿ ನೀರು ನಿಲ್ಲಿಸಿ. ಮಧ್ಯಾಹ್ನ ಹೋಗಿ ಮೂಲೆಗಳನ್ನು ನೋಡಿ, ಮೊದಲು ಒಣಗುವುದು ಅವೇ. ಕಾಲಮ್ಮಿಗೆ ಗೋಣಿ ಸುತ್ತಿ ರಾತ್ರಿಯೂ ಹಸಿ ಇಡಿ.

ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಕೊಟ್ಟ ಅಚ್ಚು-ಆಸರೆ, ಬಿಚ್ಚುವಾಗ ಕಲಮು 11.3 ತೆಗೆಯಿರಿ. ಸ್ಲ್ಯಾಬಿನ ಹರವು (ಎರಡು ಆಧಾರಗಳ ನಡುವಿನ ಉದ್ದ) 4.5 ಮೀಟರ್‌ವರೆಗಿದ್ದರೆ ಆಸರೆ ಕಂಬ ಕನಿಷ್ಠ 7 ದಿನ ಇರಬೇಕು, ಮೀರಿದರೆ 14. ತೊಲೆಗೆ ಹರವು 6 ಮೀಟರ್‌ವರೆಗಿದ್ದರೆ 14, ಮೀರಿದರೆ 21. ಇವು ಸಾಧಾರಣ ಸಿಮೆಂಟಿನ ಲೆಕ್ಕ. ಪಿಪಿಸಿ ನಿಧಾನಕ್ಕೆ ಬಲ ಪಡೆಯುವುದರಿಂದ ದಿನ ಹೆಚ್ಚಿಸಿ. ಬಾಡಿಗೆ ಪ್ಲೇಟು ವಾಪಸ್ ಕೊಡಬೇಕೆಂದು ಗುತ್ತಿಗೆದಾರ ಅವಸರ ಮಾಡಿದರೆ ಕೂಗಾಡಬೇಡಿ, ಆ ಪುಟ ತೆರೆದು ಮುಂದಿಡಿ.