ಕೀರ್ತನೆ 88 ಮತ್ತು ಅಮ್ಮನ ಮಾತು

ಅಮ್ಮಂಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು. ಮೆದುಳಿನ ಎಡಭಾಗಕ್ಕೆ ಆಗಿದ್ದು, ಹಾಗಾಗಿ ಬಲಗೈ ಬಲಗಾಲು ಹೋಯ್ತು, ಅದರ ಜೊತೆ ಮಾತೂ ಹೋಯ್ತು. ಅಫೇಸಿಯಾ ಅಂತಾರೆ ಇದಕ್ಕೆ. ನಾವು ಹೇಳೋದು ಹೆಚ್ಚುಕಮ್ಮಿ ಎಲ್ಲಾ ಅರ್ಥ ಆಗತ್ತೆ, ಆದ್ರೆ ತಾವು ಏನಾದ್ರೂ ಹೇಳ್ಬೇಕು ಅಂದ್ರೆ ಪದ ಸಿಗಲ್ಲ. ನೀರು ಬೇಕು ಅನ್ನೋಕೆ ಹೋಗಿ "ಅದು... ಅದು... ಅದು" ಅಂತಾರೆ, ನಾನು ದಿಂಬು ಸರಿ ಮಾಡ್ತೀನಿ, ಫ್ಯಾನ್ ಹಾಕ್ತೀನಿ, ಹೊದಿಕೆ ಎಳೀತೀನಿ, ಅಷ್ಟರಲ್ಲಿ ಅವರಿಗೆ ಸಿಟ್ಟು ಬಂದು ಮುಖ ಗೋಡೆ ಕಡೆ ತಿರುಗಿಸ್ಕೊಂಡಿರ್ತಾರೆ. ಈ ಎರಡು ವರ್ಷದಲ್ಲಿ ನನ್ನ ಹೆಸರು ಅವರ ಬಾಯಿಂದ ಒಂದ್ಸಲನೂ ಬಂದಿಲ್ಲ.

ಆದ್ರೆ ಇವತ್ತು ಕೂತಿದ್ದು ದೇವರ ವಿಷಯ ಬರೆಯೋಣ ಅಂತ. ಎಷ್ಟೋ ದಿನದಿಂದ ಮುಂದಕ್ಕೆ ಹಾಕ್ತಾ ಬಂದೆ, ಯಾಕಂದ್ರೆ ನಮ್ಮ ವಿಶ್ವಾಸಿಗಳ ಮಧ್ಯೆ ಇಂಥದ್ದು ಹೇಳೋಕೆ ಒಂದು ಟೈಮ್ ಇದೆ, ಎಲ್ಲಾ ಸರಿ ಹೋದಮೇಲೆ, ಸಾಕ್ಷಿ ರೂಪದಲ್ಲಿ. "ಆ ದಿನಗಳಲ್ಲಿ ನಾನೂ ಕುಗ್ಗಿಹೋಗಿದ್ದೆ, ಆದ್ರೆ ದೇವರು..." ಅಂತ ಶುರು ಮಾಡಿ ಸ್ತೋತ್ರದಲ್ಲಿ ಮುಗಿಸ್ಬೇಕು. ನನ್ನ ಹತ್ರ "ಆದ್ರೆ" ಇನ್ನೂ ಬಂದಿಲ್ಲ. ಮಧ್ಯದಲ್ಲೇ ಇದೀನಿ.

ಮೊದಲ ಎರಡು ತಿಂಗಳು ದೇವರು ದೂರ ಅನ್ನಿಸ್ಲೇ ಇಲ್ಲ, ನಿಜ ಹೇಳ್ತೀನಿ. ಐಸಿಯು ಹೊರಗಡೆ ಬೆಂಚ್ ಮೇಲೆ ಕೂತು ಮಾಡಿದಂಥ ಪ್ರಾರ್ಥನೆ ಜೀವನದಲ್ಲಿ ಯಾವತ್ತೂ ಮಾಡಿರ್ಲಿಲ್ಲ, ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗಿತ್ತು. ಸಭೆಯವರು ಸರದಿ ಮೇಲೆ ಬಂದ್ರು, ಉಪವಾಸ ಪ್ರಾರ್ಥನೆ ಇಟ್ರು, ವಾಟ್ಸಾಪ್ ಗ್ರೂಪ್ ತುಂಬಾ ಕೈ ಮುಗಿದ ಇಮೋಜಿ. ಕಷ್ಟ ಶುರುವಾಗಿದ್ದು ಏಳನೇ ಎಂಟನೇ ತಿಂಗಳಲ್ಲಿ. ಆಗ ಎಮರ್ಜೆನ್ಸಿ ಏನೂ ಇಲ್ಲ, ಬರೀ ದಿನಗಳು. ಬೆಡ್‌ಸೋರ್ ಆಗ್ಬಾರ್ದು ಅಂತ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸೋದು, ಬಟ್ಟೆ ಬದಲಾಯಿಸೋದು, ರಾತ್ರಿ ಮೂರಕ್ಕೆ ಅಲಾರಂ. ಅಂಥ ಒಂದು ರಾತ್ರಿ ಪ್ರಾರ್ಥನೆ ಮಾಡ್ತಾ ಇರೋವಾಗ್ಲೇ ಗೊತ್ತಾಯ್ತು, ಆ ಕಡೆ ಯಾರೂ ಇಲ್ಲ ಅನ್ನೋ ಥರ. ಫೋನಲ್ಲಿ ಕಾಲ್ ಕಟ್ ಆಗಿರೋದು ಗೊತ್ತಾಗದೇ ಐದು ನಿಮಿಷ ನಾವೇ ಮಾತಾಡ್ತಿರ್ತೀವಲ್ಲ, ಆಮೇಲೆ "ಹಲೋ? ಹಲೋ?" ಅಂತೀವಲ್ಲ, ಹಾಗೆ. ಆ "ಹಲೋ" ಹೇಳೋವಾಗ ಎಂಥ ಪೆಚ್ಚು ಅನ್ಸತ್ತೆ ಅಂದ್ರೆ!

ಇದನ್ನ ಇಬ್ಬರು ಮೂವರ ಹತ್ರ ಹೇಳ್ಕೊಂಡೆ, ಹೇಳ್ಕೋಬಾರ್ದಿತ್ತು. ಒಬ್ಬರು "ಮನೇಲಿ ಯಾವುದಾದ್ರೂ ಅರಿಕೆ ಮಾಡದ ಪಾಪ ಇದೆಯಾ ನೋಡ್ಕೊಳ್ಳಿ" ಅಂದ್ರು. ಇನ್ನೊಬ್ಬರು ನಂಬಿಕೆ ಸಾಲದು ಅಂದ್ರು. ಮತ್ತೊಬ್ಬರು ತುಂಬಾ ಪ್ರೀತಿಯಿಂದಲೇ ಹೇಳಿದ್ರು, ಅಮ್ಮನ ಹಾಗೆ ದೇವರೂ ಎಲ್ಲಾ ಕೇಳಿಸ್ಕೋತಿದ್ದಾರೆ, ಮಾತಾಡ್ತಿಲ್ಲ ಅಷ್ಟೇ ಅಂತ. ದೇವರಿಗೆ ಸ್ಟ್ರೋಕ್ ಆಗಿಲ್ಲವಲ್ಲ ಅಕ್ಕ ಅಂದೆ. ಅವರು ಬೇಜಾರು ಮಾಡ್ಕೊಂಡ್ರು. ಪಾಪ, ಅವರ ತಪ್ಪಲ್ಲ, ಆದ್ರೂ ಆ ಉದಾಹರಣೆ ಈಗ್ಲೂ ನುಂಗೋಕಾಗಲ್ಲ, ಅಮ್ಮಂಗೆ ಮಾತಾಡೋಕೆ ಆಗಲ್ಲ, ದೇವರಿಗೆ ಆಗತ್ತೆ, ದುಃಖ ಇರೋದೇ ಅಲ್ಲಿ.

ಬೈಬಲ್ಲಲ್ಲಿ ಯೋಬ ಅಂತ ಒಬ್ಬನ ಪುಸ್ತಕ ಇದೆ, ತಪ್ಪು ಮಾಡದೇನೇ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡವನು. ಅವನ ಸ್ನೇಹಿತರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಎಲೀಫಜ, ಬಿಲ್ದದ, ಚೋಫರ ಬಂದಾಗ ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ರು, ಒಂದು ಮಾತೂ ಆಡ್ಲಿಲ್ಲ. ಅಲ್ಲೀವರೆಗೂ ಅವರಷ್ಟು ಒಳ್ಳೇ ಸ್ನೇಹಿತರು ಇಲ್ಲ. ಎಂಟನೇ ದಿನ ಬಾಯಿ ಬಿಟ್ರು, ಕೆಟ್ಟುಹೋಯ್ತು. ಅವರು ಹೇಳಿದ್ದರಲ್ಲಿ ಅರ್ಧ ಇವತ್ತಿನ ಪ್ರಸಂಗಗಳಲ್ಲಿ ಹಾಗೇ ಸಿಗತ್ತೆ, ಅಷ್ಟು ಸರಿಯಾದ ಮಾತುಗಳು. ಆ ಕಡೆ ಯೋಬ ಹೇಳಿದ್ದು ನೋಡಿ, ನಾನು ಹುಟ್ಟಿದ ದಿನ ಹಾಳಾಗಿ ಹೋಗ್ಲಿ ಅಂದ, ನಿರಪರಾಧಿಗಳ ಸಂಕಟ ನೋಡಿ ದೇವರು ನಗ್ತಾರೆ ಅಂದ (9ನೇ ಅಧ್ಯಾಯ). ಇದನ್ನ ನಮ್ಮ ಪ್ರೇಯರ್ ಮೀಟಿಂಗಲ್ಲಿ ಯಾರಾದ್ರೂ ಅಂದ್ರೆ ಮೈಕ್ ಕಿತ್ಕೋತಾರೆ. ಆದ್ರೆ ಕೊನೇ ಅಧ್ಯಾಯದಲ್ಲಿ ದೇವರಿಗೆ ಕೋಪ ಬಂದಿದ್ದು ಯೋಬನ ಮೇಲಲ್ಲ, ಆ ಮೂವರ ಮೇಲೆ. ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡ್ಲಿಲ್ಲ ಅಂದ್ರು. ಯೋಬಂಗೆ ಯಾಕೆ ಹೀಗಾಯ್ತು ಅನ್ನೋದನ್ನ ಮಾತ್ರ ಅವನಿಗೆ ಕೊನೇವರೆಗೂ ಹೇಳ್ಲಿಲ್ಲ, 42 ಅಧ್ಯಾಯ ಓದಿದ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಆ ಟೈಮಲ್ಲೇ ಒಂದು ರಾತ್ರಿ ಬೈಬಲ್ಲಿನ ಕೀರ್ತನೆ 88 ಕಣ್ಣಿಗೆ ಬಿತ್ತು. ಚಿಕ್ಕ ವಯಸ್ಸಿಂದ ಕೀರ್ತನೆಗಳನ್ನ ಓದ್ಕೊಂಡು ಬಂದಿದೀನಿ, 23 ಬಾಯಿಪಾಠ, 91 ಬಾಯಿಪಾಠ, 121 ಬಾಯಿಪಾಠ, ಇದನ್ನ ಮಾತ್ರ ಯಾರೂ ಕಲಿಸಿರ್ಲಿಲ್ಲ. ದುಃಖದ ಕೀರ್ತನೆಗಳು ಬೇಕಾದಷ್ಟಿವೆ, ಆದ್ರೆ ಅವು ಸಾಮಾನ್ಯವಾಗಿ ಎಲ್ಲಾದ್ರೂ ಒಂದು ಕಡೆ ತಿರುಗ್ತವೆ. 13ನೇದು "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳತ್ತೆ, ಆದ್ರೆ ಆರೇ ವಚನದಲ್ಲಿ ಹಾಡಿಗೆ ಬಂದುಬಿಡತ್ತೆ. 88 ತಿರುಗೋದೇ ಇಲ್ಲ. ಹಗಲೂ ರಾತ್ರಿ ಕೂಗ್ತಿದೀನಿ, ಪ್ರತಿದಿನ ಕೈ ಚಾಚ್ತಿದೀನಿ, ಬೆಳಿಗ್ಗೇನೇ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರತ್ತೆ, ನೀನು ಯಾಕೆ ಮುಖ ಮರೆಮಾಡ್ತೀಯ ಅಂತ ಕೇಳ್ತಾ ಹೋಗಿ ಕತ್ತಲೆಯಲ್ಲಿ ನಿಂತುಬಿಡತ್ತೆ, ಮೂಲ ಹೀಬ್ರೂನಲ್ಲಿ ಕೊನೇ ಪದವೇ ಕತ್ತಲೆ. ನಾನು ಪುಟ ತಿರುಗಿಸಿ ನೋಡಿದೆ, ಮುಂದುವರಿದಿರ್ಬೇಕು ಅಂತ. 89 ಶುರು.

ಯಾರೋ ಇದನ್ನ ಪುಸ್ತಕದಲ್ಲಿ ಉಳಿಸ್ಕೊಂಡ್ರಲ್ಲ, ಅದೇ ನನಗೆ ಆಶ್ಚರ್ಯ. ಶಿರೋನಾಮೆಯಲ್ಲಿ ಹೇಮಾನ ಅಂತ ಹೆಸರಿದೆ, ಕೋರಹೀಯರ (ದೇವಾಲಯದ ಗಾಯಕರ ಮನೆತನ) ಹಾಡು, ಗಾಯಕರ ಮುಖ್ಯಸ್ಥನಿಗೆ ಅಂತಿದೆ, ಅಂದ್ರೆ ಆರಾಧನೆಯಲ್ಲಿ ಹಾಡೋಕೆ ಇಟ್ಟಿದ್ದು! ಕೊನೇಲಿ ಒಂದು ಹಲ್ಲೆಲೂಯ ಸೇರಿಸಿ ಸರಿ ಮಾಡ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ. ಇವತ್ತಿನ ಯಾವುದಾದ್ರೂ ವರ್ಷಿಪ್ ಟೀಮ್ ಕೈಗೆ ಸಿಕ್ಕಿದ್ರೆ ಖಂಡಿತ ಸೇರಿಸ್ತಿದ್ರು, ನಾನೇ ಆ ಟೀಮಲ್ಲಿ ಆರು ವರ್ಷ ಕೀಬೋರ್ಡ್ ಬಾರ್ಸಿದೀನಿ, ನನಗೆ ಗೊತ್ತು. ಇನ್ನೊಂದು ಏನಂದ್ರೆ ಆ ಮನುಷ್ಯ ದೂರು ಹೇಳ್ತಿರೋದು ದೇವರಿಗೇ. "ನನ್ನನ್ನ ರಕ್ಷಿಸೋ ದೇವರೇ" ಅಂತಾನೇ ಮೊದಲ ಸಾಲು ಶುರುವಾಗೋದು. ಮುಖ ಮರೆಮಾಡಿದವನ ಎದುರಿಗೇ ನಿಂತು ನೀನು ಮುಖ ಮರೆಮಾಡಿದೀಯ ಅನ್ನೋದು. ಅದನ್ನ ಓದಿದ ರಾತ್ರಿಯಿಂದ ನಾನು ಪ್ರಾರ್ಥನೆಯಲ್ಲಿ ಸುಳ್ಳು ಹೇಳೋದು ಬಿಟ್ಟೆ. "ನಿನ್ನ ಸನ್ನಿಧಿಗಾಗಿ ಸ್ತೋತ್ರ" ಅಂತ ಅಭ್ಯಾಸ ಬಲದಿಂದ ಬರ್ತಿತ್ತು, ನಿಲ್ಲಿಸ್ದೆ. ಸನ್ನಿಧಿ ಗೊತ್ತಾಗ್ತಿಲ್ಲ ಕರ್ತನೇ ಅಂತಾನೇ ಹೇಳೋಕೆ ಶುರು ಮಾಡ್ದೆ. ಪ್ರಾರ್ಥನೆ ಚಿಕ್ಕದಾಯ್ತು, ಆದ್ರೆ ನಿಲ್ಲಲಿಲ್ಲ.

ಮದರ್ ತೆರೇಸಾ ಅವರ ಉದಾಹರಣೆ ಎಲ್ಲರೂ ಕೊಡ್ತಾರೆ. ಅವರು ತೀರಿಕೊಂಡಿದ್ದು 1997ರಲ್ಲಿ, ಹತ್ತು ವರ್ಷ ಆದಮೇಲೆ 2007ರಲ್ಲಿ ಅವರ ಖಾಸಗಿ ಪತ್ರಗಳು ಹೊರಗೆ ಬಂದ್ವು, ಹತ್ತಿರ ಹತ್ತಿರ ಐವತ್ತು ವರ್ಷ ಒಳಗೆ ಕತ್ತಲೆನೇ ಇತ್ತು ಅಂತ ಜಗತ್ತಿಗೆ ಗೊತ್ತಾಯ್ತು. ಆ ಪತ್ರಗಳನ್ನ ಸುಟ್ಟುಬಿಡಿ ಅಂತ ಅವರೇ ಕೇಳ್ಕೊಂಡಿದ್ರಂತೆ. ನನಗೆ ಇದರಿಂದ ಸಮಾಧಾನ ಆಗ್ಲಿಲ್ಲ, ಗಾಬರಿ ಆಯ್ತು. ಐವತ್ತು ವರ್ಷನಾ? ನನಗೆ ಎರಡೇ ವರ್ಷಕ್ಕೆ ಹೀಗಾಗಿದೆ.

ನನಗೆ ಜೊತೆಯಾದವನು ಸ್ನಾನಿಕ ಯೋಹಾನ. ಅವನ ಕಥೆ ಸಂಡೇ ಸ್ಕೂಲಿಂದ ಕೇಳಿದ್ದೇ, ಒಂಟೆ ಕೂದಲಿನ ಬಟ್ಟೆ, ಮಿಡತೆ, ಕಾಡುಜೇನು. ಮತ್ತಾಯನ ಸುವಾರ್ತೆ 11ನೇ ಅಧ್ಯಾಯ ಮಾತ್ರ ಈಗ ಸರಿಯಾಗಿ ಓದಿದ್ದು. ಯೇಸುಸ್ವಾಮಿಗೆ ದೀಕ್ಷಾಸ್ನಾನ ಮಾಡಿಸಿದವನು, ಇಗೋ ದೇವರ ಕುರಿಮರಿ ಅಂತ ಬೆರಳು ಮಾಡಿ ತೋರಿಸಿದವನು, ಈಗ ಹೆರೋದನ ಜೈಲಲ್ಲಿದಾನೆ. ಮೃತಸಮುದ್ರದ ಪೂರ್ವಕ್ಕಿರೋ ಮಕೇರಸ್ ಕೋಟೆ ಅದು ಅಂತ ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಲ್ಲಿಂದ ಶಿಷ್ಯರನ್ನ ಕಳಿಸಿ ಕೇಳಿಸ್ತಾನೆ, ಬರಬೇಕಾದವನು ನೀನೇನಾ, ಇಲ್ಲಾ ನಾವು ಬೇರೆಯವನಿಗೆ ಕಾಯ್ಬೇಕಾ ಅಂತ. ಯೋಹಾನ ಕೇಳೋ ಪ್ರಶ್ನೆನಾ ಇದು! ಕತ್ತಲೆ ಕೋಣೆಯಲ್ಲಿ ಕೂತ್ರೆ ಯಾರಾದ್ರೂ ಕೇಳ್ತಾರೆ.

ಯೇಸುಸ್ವಾಮಿ ಉತ್ತರ ಕಳಿಸ್ತಾರೆ, ಕುರುಡರಿಗೆ ಕಣ್ಣು ಬರ್ತಿದೆ, ಕುಂಟರು ನಡೀತಿದ್ದಾರೆ, ಕುಷ್ಠರೋಗಿಗಳು ಶುದ್ಧ ಆಗ್ತಿದ್ದಾರೆ, ಕಿವುಡರಿಗೆ ಕೇಳಿಸ್ತಿದೆ, ಸತ್ತವರು ಎದ್ದು ಬರ್ತಿದ್ದಾರೆ, ಬಡವರಿಗೆ ಸುವಾರ್ತೆ ಸಿಕ್ತಿದೆ. ಇದೆಲ್ಲಾ ಯೆಶಾಯನ ಪ್ರವಾದನೆಯ ಮಾತುಗಳು, ಯೋಹಾನಂಗೆ ಕೇಳಿದ ಕೂಡಲೇ ಗೊತ್ತಾಗಿರತ್ತೆ. ಆದ್ರೆ ಯೆಶಾಯ 61ರಲ್ಲಿ ಇನ್ನೊಂದು ಇದೆ, ಸೆರೆಯಲ್ಲಿರುವವರಿಗೆ ಬಿಡುಗಡೆ. ಲೂಕ 4ರಲ್ಲಿ ಯೇಸುಸ್ವಾಮಿ ಸಭಾಮಂದಿರದಲ್ಲಿ ಅದೇ ಭಾಗ ಓದಿದಾಗ ಆ ಸಾಲೂ ಇತ್ತು. ಸೆರೆಯಲ್ಲಿರೋ ಸ್ನೇಹಿತನಿಗೆ ಹೇಳಿ ಕಳಿಸೋವಾಗ ಆ ಒಂದು ಸಾಲು ಇಲ್ಲ. ನನ್ನ ವಿಷಯದಲ್ಲಿ ಎಡವದವನು ಧನ್ಯನು, ಅಷ್ಟೇ. ಬೇಕಂತಲೇ ಬಿಟ್ರಾ ಇಲ್ವಾ ಅಂತ ವಾದ ಮಾಡೋಕೆ ನನಗೆ ಬರಲ್ಲ, ಆದ್ರೆ ಯೋಹಾನ ಅದನ್ನೇ ಮೊದಲು ಹುಡುಕಿರ್ತಾನೆ ಅನ್ನೋದು ಮಾತ್ರ ಗ್ಯಾರಂಟಿ, ರಿಪೋರ್ಟ್ ಬಂದಾಗ ನಾವು ಒಂದೇ ಒಂದು ಲೈನ್ ಹುಡುಕ್ತೀವಲ್ಲ ಹಾಗೆ.

ಆಮೇಲಿಂದು ಇನ್ನೂ ವಿಚಿತ್ರ. ಯೇಸುಸ್ವಾಮಿ ಜನರ ಕಡೆ ತಿರುಗಿ, ಹೆಂಗಸರಲ್ಲಿ ಹುಟ್ಟಿದವರೊಳಗೆ ಯೋಹಾನನಿಗಿಂತ ದೊಡ್ಡವನು ಇಲ್ಲ ಅಂತಾರೆ. ಬೈಲಿಲ್ಲ, ನಿನ್ನ ನಂಬಿಕೆ ಎಲ್ಲೋಯ್ತು ಅನ್ಲಿಲ್ಲ. ಆದ್ರೆ ಇದನ್ನ ಹೇಳಿದ್ದು ಯಾವಾಗ ಅಂದ್ರೆ ಆ ಶಿಷ್ಯರು ಹೊರಟುಹೋಗ್ತಿದ್ದಾಗ. ಏಳನೇ ವಚನ ನೋಡಿ. ಯೋಹಾನಂಗೆ ಮುಟ್ಟಿದ್ದು ಎಡವಬೇಡ ಅನ್ನೋ ಮಾತು, ಅವನ ಬಗ್ಗೆ ಆಡಿದ ಅಷ್ಟು ದೊಡ್ಡ ಮಾತು ಅವನ ಕಿವಿಗೆ ಬಿತ್ತಾ ಅಂತ ಎಲ್ಲೂ ಬರೆದಿಲ್ಲ. ಆಮೇಲೆ ಅವನ ತಲೆ ತೆಗೆದ್ರು. ಸುದ್ದಿ ಕೇಳಿ ಯೇಸುಸ್ವಾಮಿ ದೋಣಿ ಹತ್ತಿ ಒಬ್ಬರೇ ಅಡವಿಯ ಜಾಗಕ್ಕೆ ಹೋದ್ರು ಅಂತಿದೆ ಮತ್ತಾಯ 14ರಲ್ಲಿ. ನಾನು ಎಷ್ಟು ಸಲ ಅದನ್ನ ಓದಿದೀನೋ. ಬಿಡಿಸ್ಲಿಲ್ಲ ಯಾಕೆ ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ, ಆದ್ರೆ ಒಬ್ಬರೇ ದೋಣಿ ಹತ್ತಿ ಹೋದ್ರಲ್ಲ, ಅಲ್ಲಿಗೆ ಬಂದಾಗ ನನ್ನ ಸಿಟ್ಟು ಸ್ವಲ್ಪ ತಡೀತದೆ.

ಸಿಟ್ಟಿನ ಜೊತೆ ಇನ್ನೊಂದು ಇತ್ತು, ಅದನ್ನೂ ಹೇಳ್ಬೇಕು. ಎಲ್ಲಾ ದೂರವೂ ಆತ್ಮಿಕ ದೂರ ಅಲ್ಲ. ನಾನು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿರ್ಲಿಲ್ಲ, ಊಟ ರುಚಿಸ್ತಿರ್ಲಿಲ್ಲ, ಯಾವುದೂ ಬೇಡ ಅನ್ಸೋದು, ಡಾಕ್ಟರ್ ಹತ್ರ ಹೋದಾಗ ಡಿಪ್ರೆಷನ್ ಅಂದ್ರು, ಮಾತ್ರೆ ಕೊಟ್ರು, ತಗೊಂಡೆ, ಈಗ್ಲೂ ತಗೋತಿದೀನಿ. ನಂಬಿಕೆ ಇದ್ರೆ ಮಾತ್ರೆ ಯಾಕೆ ಅನ್ನೋರಿಗೆ ಪ್ರವಾದಿ ಎಲೀಯನ್ನ ತೋರಿಸ್ತೀನಿ. ಗಿಡದ ಕೆಳಗೆ ಮಲ್ಕೊಂಡು ಸಾಕು, ನನ್ನ ಪ್ರಾಣ ತಗೋ ಅಂದವನಿಗೆ ದೇವದೂತ ಪ್ರಸಂಗ ಮಾಡ್ಲಿಲ್ಲ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸ್ದ. ಮಾತೆಲ್ಲಾ ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಇಂಗ್ಲೆಂಡಲ್ಲಿ ವಿಲಿಯಂ ಕೌಪರ್ ಅಂತ ಒಬ್ಬ ಕವಿ ಇದ್ದ, ಇವತ್ತಿಗೂ ಅವನ ಕೀರ್ತನೆಗಳನ್ನ ಚರ್ಚುಗಳಲ್ಲಿ ಹಾಡ್ತಾರೆ. 1773ರಲ್ಲಿ ಅವನಿಗೆ ದೇವರು ನನ್ನನ್ನ ತಳ್ಳಿಬಿಟ್ಟಿದ್ದಾರೆ ಅನ್ನೋ ಭಾವನೆ ಹಿಡ್ಕೊಳ್ತು, 1800ರಲ್ಲಿ ಸಾಯೋವರೆಗೂ ಪೂರ್ತಿ ಬಿಡ್ಲಿಲ್ಲ. ಅವನ ಸ್ನೇಹಿತ, ಪಾಸ್ಟರ್ ಜಾನ್ ನ್ಯೂಟನ್, ಒಂದು ವರ್ಷಕ್ಕೂ ಹೆಚ್ಚು ಅವನನ್ನ ತನ್ನ ಮನೇಲೇ ಇಟ್ಕೊಂಡು ನೋಡ್ಕೊಂಡ. ನನಗೂ ಒಬ್ಬರು ಸಿಕ್ಕಿದ್ರು, ಸಭೇಲಿ ಕೊನೇ ಸಾಲಲ್ಲಿ ಕೂರೋ ವಯಸ್ಸಾದ ಆಂಟಿ. ಒಂದು ಶುಕ್ರವಾರ ರಾತ್ರಿ ಬ್ಯಾಗ್ ತಗೊಂಡು ಬಂದು "ನೀನು ಮಲ್ಕೋ ಹೋಗು, ಇವತ್ತು ನಾನಿರ್ತೀನಿ" ಅಂದ್ರು. ಪ್ರಾರ್ಥನೆ ಮಾಡೋಣ್ವಾ ಆಂಟಿ ಅಂದೆ. "ನಾನು ಮಾಡ್ಕೋತೀನಿ, ನೀನು ಹೋಗು." ಒಂಬತ್ತು ಗಂಟೆ ನಿದ್ದೆ ಮಾಡ್ದೆ. ಆಮೇಲೆ ಪ್ರತಿ ಶುಕ್ರವಾರ ಬಂದ್ರು, ಬರ್ತಾನೇ ಇದ್ದಾರೆ.

ಅವರೇ ಕಂಡುಹಿಡಿದಿದ್ದು ಅಮ್ಮನ ವಿಷಯ. ಒಂದು ರಾತ್ರಿ ಅಮ್ಮನ ಪಕ್ಕ ಕೂತು ತಮ್ಮ ಪಾಡಿಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದ್ರಂತೆ, ಅಮ್ಮ ಜೊತೆಗೆ ಹೇಳೋಕೆ ಶುರು ಮಾಡ್ಬಿಟ್ರಂತೆ. ನನ್ನನ್ನ ಎಬ್ಬಿಸಿದ್ರು. ನಾನು ನಂಬ್ಲಿಲ್ಲ, ಮತ್ತೆ ಹೇಳಿಸಿದ್ವಿ, ಮತ್ತೆ ಬಂತು! ನೀರು ಅನ್ನೋಕೆ ಬರದ ಬಾಯಲ್ಲಿ "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ".

ಸಭೆಯಲ್ಲಿ ಅದ್ಭುತ ಅಂದ್ರು, ಸಾಕ್ಷಿ ಹೇಳಿ ಅಂತ ಬೆನ್ನು ಬಿದ್ರು. ಸ್ಪೀಚ್ ಥೆರಪಿಸ್ಟ್ ಕೇಳಿ ನಕ್ಕು, ಹೀಗೆ ಆಗತ್ತೆ, ಬಾಯಿಪಾಠ ಆಗಿರೋ ಪ್ರಾರ್ಥನೆ, ಹಾಡು, ಒಂದು ಎರಡು ಮೂರು ಎಣಿಸೋದು, ಇವೆಲ್ಲಾ ಆಟೋಮ್ಯಾಟಿಕ್ ಸ್ಪೀಚ್, ಹೊಸ ಮಾತು ಕಟ್ಟೋದು ಬೇರೆ, ಇದು ಬೇರೆ, ಅರ್ಥ ಮಾಡ್ಕೊಂಡು ಹೇಳ್ತಿದ್ದಾರೆ ಅಂತ ಹೇಳೋಕಾಗಲ್ಲ ಅಂದ್ರು. ಎರಡೂ ಕಡೆಯವರ ಮೇಲೂ ನನಗೆ ಸಿಟ್ಟು ಬಂತು, ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ. ಸಾಕ್ಷಿ ಹೇಳೋಕೆ ಹೋಗ್ಲಿಲ್ಲ. ಅಮ್ಮಂಗೆ ಮಾತು ವಾಪಸ್ ಬಂದಿಲ್ಲ, ಆ ಪ್ರಾರ್ಥನೆ ಬಿಟ್ರೆ ಏನೂ ಬರಲ್ಲ.

ಈಗ ದಿನಾ ರಾತ್ರಿ ಮಲಗೋ ಮುಂಚೆ ಹೇಳ್ತೀವಿ. ನಾನೇ ಶುರು ಮಾಡ್ಬೇಕು, ಅವರಿಗೆ ಮೊದಲ ಪದ ಸಿಗಲ್ಲ. ಒಂದ್ಸಲ ಹಿಡ್ಕೊಂಡ್ರೆ ಹೋಗ್ತಾರೆ, ನಿನ್ನ ಚಿತ್ತವು ನೆರವೇರಲಿ ಅನ್ನೋವರೆಗೂ ನಿಲ್ಲಲ್ಲ. ಆ ಸಾಲು ನನ್ನ ಬಾಯಲ್ಲಿ ಎಷ್ಟೋ ದಿನ ಬರಲ್ಲ, ಅವರೊಬ್ಬರೇ ಹೇಳ್ತಾರೆ. ಅದಾದಮೇಲೆ "ನಮ್ಮ ಅನುದಿನದ" ಹತ್ರ ಯಾವಾಗ್ಲೂ ಸಿಕ್ಕಿಹಾಕ್ಕೋತಾರೆ. "ನಮ್ಮ ಅನುದಿನದ... ಅನುದಿನದ..." ಅಂತ ನಿಂತು, ನನ್ನ ಮುಖಾನೇ ನೋಡ್ತಿರ್ತಾರೆ. ನಿನ್ನೆ ರಾತ್ರಿ ನನಗೆ ತುಂಬಾ ಸುಸ್ತಾಗಿತ್ತು, ಪ್ರಾರ್ಥನೆ ಮೇಲೆ ಮನಸ್ಸೇ ಇರ್ಲಿಲ್ಲ. ಅವರು ಕಾಯ್ತಾ ಇದ್ರು.

"ಆಹಾರವನ್ನು" ಅಂದೆ.

"ಈ ಹೊತ್ತು ನಮಗೆ ದಯಪಾಲಿಸು" ಅಂತ ಮುಂದುವರಿಸಿದ್ರು.