ರಾಯಚೂರಿನ ಬಿಸಿಲಿಗೆ ಪಗ್ ನಾಯಿ ತಡೆದೀತೆ?

ಬೆಳಗಿನ ಐದೂವರೆಗೆ ನಮ್ಮ ಪಗ್ ಗುಂಡನನ್ನು ಕರೆದುಕೊಂಡು ಮಾವಿನಕೆರೆಯ ಕಡೆ ಹೊರಟರೆ ವಾರಕ್ಕೊಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ: “ಅಕ್ಕಾರ, ನಾವೂ ಒಂದು ಹಚ್ ನಾಯಿ ತರಬೇಕಂತ ಮಾಡೀವ್ರಿ. ನಮ್ಮ ಬಿಸಿಲಿಗಿ ತಡಕೊಂತದೇನ್ರಿ?” 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಬೆನ್ನು ಬಿಡದೆ ಓಡಾಡಿದ ಪಗ್ ನಮ್ಮ ಊರುಗಳಿಗೆ ಈ ತಳಿಯ ಪರಿಚಯ ಮಾಡಿಸಿತು. ಆ ಕಂಪನಿಯ ಹೆಸರು ಅಳಿದು ವರ್ಷಗಳಾದರೂ ನಾಯಿಗೆ ಅಂಟಿದ ಹೆಸರು ಉಳಿದಿದೆ. ರಸ್ತೆಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಿದರೆ ಕೇಳಿದವರಿಗೂ ಅವರು ತರಲಿರುವ ಮರಿಗೂ ಅನ್ಯಾಯವಾಗುತ್ತದೆ ಎನ್ನಿಸಿ, ಒಂಬತ್ತು ವರ್ಷ ಒಂದು ಪಗ್ ಜೊತೆ ಬದುಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಮಾರ್ಚ್‌ನಿಂದ ಜೂನ್‌ವರೆಗೆ ಮನೆಯವರ ದಿನಚರಿಯನ್ನೇ ಆ ನಾಯಿಯ ಉಸಿರಿಗೆ ತಕ್ಕಂತೆ ಬದಲಿಸಿಕೊಳ್ಳಲು ಮನೆಮಂದಿಯೆಲ್ಲ ಒಪ್ಪಿದರೆ ತಡೆಯುತ್ತದೆ, ಒಪ್ಪದಿದ್ದರೆ ತಡೆಯುವುದಿಲ್ಲ. ಪಗ್‌ಗೆ ಬರುವ ಕಾಯಿಲೆಗಳು ಹಲವು. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಸಾಕುವವರು ಮೊದಲು ಅರಿಯಬೇಕಾದದ್ದು ಅದರ ಮೂಗು ಮತ್ತು ಗಂಟಲನ್ನು.

ನಮ್ಮಂತೆ ಮೈಯೆಲ್ಲ ಬೆವತು ತಣ್ಣಗಾಗುವ ಅನುಕೂಲ ನಾಯಿಗಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರು ಬರುತ್ತದೆ, ಅದರಿಂದ ಆಗುವ ಉಪಯೋಗ ಅತ್ಯಲ್ಪ. ನಾಲಿಗೆ ಚಾಚಿ ತೇಕುವಾಗ ಬಾಯಿ ಮತ್ತು ಮೂಗಿನೊಳಗಿನ ತೇವ ಆರುತ್ತದೆ, ಅದು ಆರುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ನಮ್ಮದೇ ನಾಡಿನ ಮುಧೋಳ ನಾಯಿಯ ಮುಖವನ್ನು ನೆನಪಿಸಿಕೊಳ್ಳಿ: ಆ ಉದ್ದನೆಯ ಮೂತಿಯೊಳಗೆ ಗಾಳಿ ಹಾದುಹೋಗಲು, ತೇವ ಆರಲು ಬೇಕಾದಷ್ಟು ಜಾಗವಿದೆ. ಪಗ್‌ನ ಚಪ್ಪಟೆ ಮುಖದಲ್ಲಿ ಎಲುಬು ಮೊಟಕಾದರೂ ಒಳಗಿನ ಮಾಂಸಲ ಭಾಗಗಳು ಅದೇ ಪ್ರಮಾಣದಲ್ಲಿ ಚಿಕ್ಕದಾಗಲಿಲ್ಲ. ಹಾಗಾಗಿ ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗಿರುತ್ತವೆ, ಅಂಗುಳಿನ ಹಿಂಭಾಗದ ಮೆದು ಪದರ ಉದ್ದವಾಗಿ ಶ್ವಾಸನಾಳದ ಬಾಯಿಗೆ ಇಳಿಬಿದ್ದಿರುತ್ತದೆ, ಹಲವು ನಾಯಿಗಳಲ್ಲಿ ಎರಡೂ ತೊಂದರೆ ಒಟ್ಟಿಗೇ ಇರುತ್ತವೆ. ಗಾಳಿಯನ್ನು ಬಲವಂತವಾಗಿ ಎಳೆದೆಳೆದು ಗಂಟಲು ಊದಿಕೊಳ್ಳುತ್ತದೆ, ಊದಿದ ಗಂಟಲಿನಲ್ಲಿ ಗಾಳಿಯ ದಾರಿ ಇನ್ನಷ್ಟು ಕಿರಿದಾಗುತ್ತದೆ, ತೇಕುವ ಶ್ರಮದಿಂದಲೇ ಮೈ ಮತ್ತಷ್ಟು ಕಾಯುತ್ತದೆ. ಗೊರಕೆ ಹೊಡೆಯುವ ಪಗ್ ಕಂಡರೆ ಮಕ್ಕಳಿಗೆ ಮುದ್ದು ಬರುತ್ತದೆ. ಎಚ್ಚರವಾಗಿ ಸುಮ್ಮನೆ ಕುಳಿತಾಗಲೂ ಗುರಗುರ ಸದ್ದು ಕೇಳುತ್ತಿದ್ದರೆ ಅದನ್ನು ಆ ತಳಿಯ ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಇದನ್ನೆಲ್ಲ ನಾನು ಕಲಿತದ್ದು ಗುಂಡನಿಗೆ ಎರಡು ವರ್ಷ ತುಂಬುವ ಮುಂಚಿನ ಒಂದು ಮೇ ತಿಂಗಳ ಮಧ್ಯಾಹ್ನ. ಕೂಲರ್ ಹಾಕಿ, ಬಾಗಿಲು ಮುಂದೆ ಮಾಡಿ ಶಾಲೆಯ ಫಲಿತಾಂಶದ ಕೆಲಸಕ್ಕೆ ಹೋಗಿದ್ದೆ. ಎರಡು ಗಂಟೆಗೆ ಬಂದಾಗ ಕರೆಂಟ್ ಇರಲಿಲ್ಲ. ಗುಂಡ ಬಚ್ಚಲುಮನೆಯ ಬಂಡೆಗಲ್ಲಿನ ಮೇಲೆ ನಾಲ್ಕೂ ಕಾಲು ಚಾಚಿ ಬಿದ್ದಿದ್ದ. ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬಾಯಿಂದ ಅಂಟಂಟಾದ ಜೊಲ್ಲು ಎಳೆಯಾಗಿ ನೆಲಕ್ಕೆ ಇಳಿದಿತ್ತು, ಕರೆದರೆ ಕಣ್ಣು ಹೊರಳಿಸಿದನೇ ಹೊರತು ತಲೆ ಎತ್ತಲಿಲ್ಲ. ಗಾಬರಿಯಲ್ಲಿ ನಲ್ಲಿ ತಿರುಗಿಸಿ ಕೈಯೊಡ್ಡಿದರೆ ಸುಟ್ಟಂತಾಯಿತು. ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಮೇ ತಿಂಗಳಲ್ಲಿ ಚಹಾಕ್ಕಿಟ್ಟ ನೀರಿನಂತಿರುತ್ತದೆ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆದಿರಲಿಲ್ಲ. ಅಡುಗೆಮನೆಯ ಹರವಿಯಲ್ಲಿದ್ದ ಕುಡಿಯುವ ನೀರನ್ನೇ ಚೆಂಬಿನಲ್ಲಿ ಮೊಗೆದು ಅವನ ಹೊಟ್ಟೆ, ತೊಡೆಸಂದು, ಕುತ್ತಿಗೆಗೆ ಸುರಿದೆ. ನಮ್ಮ ಅವ್ವ ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತು ಬೀಸಿದಳು. ಹದಿನೈದು ನಿಮಿಷದ ನಂತರ ನಾಲಿಗೆಯ ಅಂಚಿನಲ್ಲಿ ಕೆಂಪು ಕಾಣಿಸಿಕೊಂಡಿತು. ಆಮೇಲೆ ಆಟೋದಲ್ಲಿ ದನದ ದವಾಖಾನೆಗೆ ಒಯ್ದೆವು. ಅಷ್ಟು ನೀರು ಹಾಕಿದ ಮೇಲೂ ಅವನ ಮೈಯ ಕಾವು 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಯ ಸಹಜ ಕಾವು 101ರಿಂದ 102.5.

ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಈ ಕ್ರಮ ತಪ್ಪಬಾರದೆಂದು ವೈದ್ಯರು ಅಂದು ಹೇಳಿದ್ದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಬಿಸಿಲಿನಲ್ಲಿ ಹಾಗೆಯೇ ಎತ್ತಿಕೊಂಡು ಓಡಿದರೆ ಆ ಹತ್ತಿಪ್ಪತ್ತು ನಿಮಿಷದಲ್ಲಿ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆದೀತು, ಜೊತೆಗೆ ಗಾಳಿ ಆಡುತ್ತಿರಬೇಕು. ಒದ್ದೆ ಟವೆಲನ್ನು ಮೈಗೆ ಸುತ್ತಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ಕಾದು ಕಂಬಳಿಯಂತಾಗುತ್ತದೆ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಹುಯ್ಯಬಾರದು. ಥರ್ಮಾಮೀಟರ್ 103ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಕಾವು ಸಹಜಕ್ಕಿಂತಲೂ ಕೆಳಗೆ ಜಾರುತ್ತದೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ದವಾಖಾನೆಗೆ ಹೋಗಲೇಬೇಕು, ಒಳಗಿನ ಅಂಗಗಳಿಗೆ ಆದ ಪೆಟ್ಟು ಒಂದೆರಡು ದಿನದ ಮೇಲೆ ತೋರುವುದುಂಟು.

ಅಂದಿನಿಂದ ನಮ್ಮ ಮನೆಯಲ್ಲಿ ಬೇಸಿಗೆಗೆ ಬೇರೆಯದೇ ವೇಳಾಪಟ್ಟಿ. ಸೂರ್ಯ ಹುಟ್ಟುವ ಮುಂಚೆ ತಿರುಗಾಟ ಮುಗಿಯಬೇಕು. ಸಂಜೆ ಡಾಂಬರು ಕಾವು ಬಿಡುವುದಕ್ಕೆ ಒಂಬತ್ತು ಗಂಟೆಯಾದರೂ ಆಗುತ್ತದೆ, ಅಂಗೈಯ ಹಿಂಬದಿಯನ್ನು ಏಳೆಣಿಸುವಷ್ಟು ಹೊತ್ತು ರಸ್ತೆಗೆ ಒತ್ತಿ ಹಿಡಿಯಲು ಆಗದಿದ್ದರೆ ಗುಂಡನನ್ನು ಇಳಿಸುವುದಿಲ್ಲ. ಹಗಲಿಡೀ ಅವನು ಮನೆಯಲ್ಲಿ ಒಬ್ಬನೇ ಇರುವಂತಿಲ್ಲ, ಕರೆಂಟ್ ಹೋದರೆ ಫ್ಯಾನು ಓಡಲು ಇನ್ವರ್ಟರ್ ಇದೆ. ಹಳೆಯ ಮಣ್ಣಿನ ಮಾಳಿಗೆಮನೆ ಉಳಿಸಿಕೊಂಡವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು, ಆರ್‌ಸಿಸಿ ಮನೆಯ ಮೇಲಂತಸ್ತು ಪಗ್‌ಗೆ ತಕ್ಕ ಜಾಗವಲ್ಲ. ಕೂಲರ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಏಪ್ರಿಲ್, ಮೇ ತಿಂಗಳ ಒಣಹವೆಯಲ್ಲಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅದು ತೇವವನ್ನೇ ತುಂಬುತ್ತಾ ಹೋಗುತ್ತದೆ, ಸುತ್ತಲ ಗಾಳಿಯೇ ತೇವವಾದಾಗ ನಾಯಿಯ ನಾಲಿಗೆ ಆರುವುದಿಲ್ಲ, ಎಷ್ಟು ತೇಕಿದರೂ ಕಾವು ಇಳಿಯುವುದಿಲ್ಲ. ಇದೇ ಕಾರಣಕ್ಕೆ ಮೊದಲ ಮಳೆ ಬಿದ್ದು ಎಲ್ಲರೂ ನಿಟ್ಟುಸಿರು ಬಿಡುವ ಜೂನ್ ತಿಂಗಳ ಧಗೆಯಲ್ಲಿ ನನಗೆ ಮೇ ತಿಂಗಳಿಗಿಂತ ಹೆಚ್ಚು ಆತಂಕ.

ಮರಿ ಆರಿಸುವಾಗಲೇ ಅರ್ಧ ಪಾಲು ತೊಂದರೆಯನ್ನು ತಪ್ಪಿಸಬಹುದು, ನಾವು ಅದನ್ನು ಮಾಡಲಿಲ್ಲ. ಬೇರೊಂದು ಊರಿನ ಮಾರಾಟಗಾರರೊಬ್ಬರ ಮನೆಯಲ್ಲಿ ಎಲ್ಲಕ್ಕಿಂತ ಚಪ್ಪಟೆ ಮುಖದ ಮರಿಯನ್ನೇ “ಇದು ಅಸಲಿ ತಳಿ” ಎಂದು ತೋರಿಸಿದರು, ನಾವು ಅದನ್ನೇ ಹೆಚ್ಚಿನ ಹಣ ಕೊಟ್ಟು ತಂದೆವು. ಈಗ ಯಾರಾದರೂ ಮರಿ ನೋಡಲು ಹೊರಟರೆ ಮೊದಲು ಹೊಳ್ಳೆ ನೋಡಿ ಎನ್ನುತ್ತೇನೆ. ಎದುರಿನಿಂದ ನೋಡಿದರೆ ಎರಡು ತೆರೆದ ತೂತು ಕಾಣಬೇಕು, ಚಾಕುವಿನಿಂದ ಗೀರಿದಂಥ ಎರಡು ಗೆರೆ ಕಂಡರೆ ಆ ಮರಿ ಬೇಡ. ಸ್ವಲ್ಪವಾದರೂ ಮೂತಿ ಮುಂದೆ ಬಂದಿರುವುದನ್ನೇ ಆರಿಸಿ. ತಾಯಿನಾಯಿಯನ್ನು ತೋರಿಸಲು ಕೇಳಿ, ಅದನ್ನು ಐದು ನಿಮಿಷ ಓಡಾಡಿಸಿ ಅದರ ಉಸಿರಿಗೆ ಕಿವಿಗೊಡಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ಕುರಿತ ಕೇಂದ್ರ ಸರ್ಕಾರದ 2017ರ ನಿಯಮಗಳು ಹೇಳುತ್ತವೆ, ಅದನ್ನು ಮುರಿಯುವವರ ಬಳಿ ಮರಿ ತರಬೇಡಿ. ಪಗ್‌ನ ಮೂಲ ಚೀನಾ. ಅದನ್ನು ಯುರೋಪಿನಲ್ಲಿ ಮೊದಲು ಮೆರೆಸಿದವರಲ್ಲಿ ಡಚ್ಚರ ಆರೆಂಜ್ ರಾಜಮನೆತನದವರು ಮುಖ್ಯರು. ಅದೇ ನೆದರ್ಲೆಂಡ್ಸ್‌ನಲ್ಲಿ 2019ರಿಂದ, ಮೂತಿ ತಲೆಯ ಉದ್ದದ ಮೂರನೇ ಒಂದು ಭಾಗದಷ್ಟೂ ಇಲ್ಲದ ನಾಯಿಗಳಿಂದ ಮರಿ ಹಾಕಿಸುವುದಕ್ಕೆ ಕಡಿವಾಣ ಬಿದ್ದಿದೆ. ಕೊಳ್ಳುವ ನಾವು ಚಪ್ಪಟೆ ಮುಖ ಬೇಡವೆಂದರೆ ಮಾರುವವರೂ ದಾರಿಗೆ ಬರುತ್ತಾರೆಂದು ನಾನು ನಂಬಿದ್ದೇನೆ.

ಹೊಳ್ಳೆ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಗಲ ಮಾಡಬಹುದು, ಉದ್ದವಾದ ಅಂಗುಳನ್ನು ಕತ್ತರಿಸಿ ಮೊಟಕು ಮಾಡಬಹುದು. ಗುಂಡನಿಗೆ ಹೈದರಾಬಾದಿನಲ್ಲಿ ಎರಡನ್ನೂ ಮಾಡಿಸಿದೆವು. ಗಂಟಲು ಹಾಳಾಗುವ ಮುಂಚೆ, ಎಳೆಯ ವಯಸ್ಸಿನಲ್ಲಿ ಮಾಡಿಸಿದಷ್ಟೂ ಒಳ್ಳೆಯದು. ಅರಿವಳಿಕೆಯ ಅಪಾಯ ಈ ತಳಿಗೆ ಹೆಚ್ಚು, ಎಚ್ಚರವಾಗುವ ಹೊತ್ತಂತೂ ಬಹಳ ನಾಜೂಕಿನದು, ಆದ್ದರಿಂದ ಚಪ್ಪಟೆ ಮೂತಿಯ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಅನುಭವವಿರುವ ವೈದ್ಯರನ್ನೇ ಹುಡುಕಬೇಕು. ಮರಳಿ ಬಂದ ರಾತ್ರಿ ಅವನು ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಮಲಗಿದ್ದ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಾನು ಎದ್ದೆದ್ದು ಅವನ ಪಕ್ಕೆಯ ಮೇಲೆ ಕೈಯಿಟ್ಟು ನೋಡಿದೆ.

ಉಸಿರಿನ ನಂತರ ತೂಕ, ಅದೂ ಉಸಿರಿನದೇ ವಿಷಯ. ಬೆಳೆದ ಪಗ್ ಸುಮಾರು ಆರರಿಂದ ಎಂಟು ಕಿಲೋ ಇರಬೇಕು. ಗಂಟಲಿನ ಸುತ್ತ, ಎದೆಯ ಮೇಲೆ ಕೊಬ್ಬು ಸೇರಿದರೆ ಇದ್ದ ದಾರಿಯೂ ಮುಚ್ಚುತ್ತದೆ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಪಗ್‌ಗೆ ಹೊಟ್ಟೆ ತುಂಬಿತೆಂಬುದೇ ಇಲ್ಲ, ನಮ್ಮ ಮನೆಗಳಲ್ಲಿ ಬಂದವರೆಲ್ಲ ಏನಾದರೂ ತಿನ್ನಿಸುವುದನ್ನು ಪ್ರೀತಿ ಎಂದುಕೊಳ್ಳುತ್ತಾರೆ. ಗುಂಡನಿಗೆ ಎರಡು ಹೊತ್ತು ಅಳತೆಯ ಊಟ: ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಜೊತೆಗೆ ಸ್ವಲ್ಪ ಅನ್ನ ಅಥವಾ ಜೋಳದ ರೊಟ್ಟಿಯ ಚೂರು, ಉಳಿದದ್ದು ವೈದ್ಯರು ಹೇಳಿದ ಸಿದ್ಧ ಆಹಾರ. ನಮ್ಮ ಕಡೆ ಬೆಳಗಾದರೆ ಒಗ್ಗರಣಿ, ಮಿರ್ಚಿ. ತಟ್ಟೆಯಲ್ಲಿ ಉಳಿದ ಮಂಡಕ್ಕಿಯನ್ನು ನಾಯಿಗೆ ಹಾಕುವ ರೂಢಿ ಅನೇಕರಿಗಿದೆ. ಅದರಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ಹುರಿದರೂ ಅದರ ವಿಷ ಹೋಗುವುದಿಲ್ಲ. ಹಬ್ಬದ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು ತರಬಹುದು. ಚಾಕಲೇಟ್ ಕೂಡ ಬೇಡ.

ಕಣ್ಣಿನ ಮಾತಿಗೆ ಬಂದರೆ, ಉಳಿದ ನಾಯಿಗಳಿಗೆ ಪೊದೆಯೊಳಗೆ ಮೂತಿ ಮೊದಲು ಹೋಗುತ್ತದೆ, ಪಗ್‌ಗೆ ಕಣ್ಣೇ ಮೊದಲು ಹೋಗುತ್ತದೆ. ಊರಿನ ಖಾಲಿ ನಿವೇಶನಗಳ ತುಂಬ ಬಳ್ಳಾರಿ ಜಾಲಿ ಬೆಳೆದಿದೆ, ಅದರ ಒಂದು ಮುಳ್ಳು ತಾಕಿದರೂ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಹುಣ್ಣಾಗುತ್ತದೆ. ಕಣ್ಣು ಕಿರಿದು ಮಾಡುವುದು, ಒಂದೇ ಕಣ್ಣಲ್ಲಿ ನೀರು ಸುರಿಯುವುದು, ನೀಲಿ ಮಬ್ಬು ಕವಿಯುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮನೆಯಲ್ಲಿ ಮೊದಲೇ ಇದ್ದ ಕಣ್ಣಿನ ಹನಿ ಹಾಕಬಾರದು, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಆಳಕ್ಕಿಳಿದು ಕಣ್ಣೇ ಹೋದೀತು. ಕುತ್ತಿಗೆಪಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಉಸಿರಿಗೂ ಕಣ್ಣಿಗೂ ಒತ್ತಡ ಬೀಳುತ್ತದೆ, ಎದೆಗೆ ಹಾಕುವ ಹಾರ್ನೆಸ್ ಬೇಕು. ಮೂಗಿನ ಮೇಲಿನ ಮಡಿಕೆಯನ್ನು ದಿನಾ ಒದ್ದೆ ಹತ್ತಿಯಿಂದ ಒರೆಸಿ, ಒಣ ಬಟ್ಟೆಯಿಂದ ಪೂರ್ತಿ ಆರಿಸಬೇಕು, ತೇವ ಉಳಿದರೆ ವಾಸನೆ ಬಂದು ಚರ್ಮ ಕೆಂಪಾಗುತ್ತದೆ.

ಲಸಿಕೆಗಳ ವಿಷಯದಲ್ಲಿ ಪಗ್‌ಗೆ ವಿಶೇಷವೇನಿಲ್ಲ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟು ವಾರಕ್ಕೆ ಶುರುವಾಗಿ ಹದಿನಾರನೇ ವಾರದವರೆಗೆ ಸರದಿಯಲ್ಲಿ ಬರುತ್ತವೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಮ್ಮಲ್ಲಿ ಹೆಚ್ಚು ಕಾಡುವುದು ಉಣ್ಣೆ. ಕಲ್ಲುಗೋಡೆಯ ಸಂದಿಗಳಲ್ಲಿ ಅಡಗಿದ್ದು ಮೈಗೇರುವ ಉಣ್ಣೆಯಿಂದ ಎರ್ಲಿಕಿಯಾ, ಬೆಬೀಸಿಯಾ ಎಂಬ ಜ್ವರಗಳು ಬರುತ್ತವೆ. ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ದನಕ್ಕೆ ಹಚ್ಚುವ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಏಳು ಕಿಲೋದ ನಾಯಿಗೆ ಬಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ತೂಕ ನೋಡಿ ಕೊಡುವ ಗುಳಿಗೆ, ಬೆನ್ನಿಗೆ ಹಾಕುವ ಹನಿ ಸಿಗುತ್ತವೆ.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋಗಿ ಸಂಜೆ ಬರುವವರಾದರೆ, ನಾಯಿಯನ್ನು ಅಂಗಳದಲ್ಲೋ ಮಾಳಿಗೆಯ ಮೇಲೋ ಕಟ್ಟುವ ಯೋಚನೆಯಿದ್ದರೆ, ಪಗ್ ತರಬೇಡಿರೆಂದು ನೇರವಾಗಿಯೇ ಹೇಳುತ್ತೇನೆ. ಬೀದಿಯ ಒಂದು ಮರಿಯನ್ನು ಲಸಿಕೆ ಹಾಕಿಸಿ ಸಾಕಿ. ನೆರಳು ನೀರು ಅದಕ್ಕೂ ಬೇಕು, ಆದರೂ ಅದರ ಉದ್ದ ಮೂತಿಗೆ ಈ ಹವೆ ಹೊಸದಲ್ಲ.

ಹೋದ ವಾರ ಕೇಳಿದ ನಮ್ಮ ಓಣಿಯ ಹುಡುಗನ ಮನೆಯಲ್ಲಿ ಅಜ್ಜಿ ಹಗಲೆಲ್ಲ ಇರುತ್ತಾರೆ, ಕೆಳಗಿನ ಅಂತಸ್ತು, ಇನ್ವರ್ಟರೂ ಇದೆ. ತರಬಹುದು ಎಂದೆ. ಆದರೆ ಯುಗಾದಿಗೆ ತರುವುದು ಬೇಡ, ದೀಪಾವಳಿಯ ಹೊತ್ತಿಗೆ ತಾ ಎಂದೆ. ಆಗ ಎರಡು ತಿಂಗಳ ಮರಿ ಮನೆಗೆ ಬಂದರೆ ಸಂಕ್ರಾಂತಿಯ ಆಸುಪಾಸಿಗೆ ಲಸಿಕೆಗಳು ಮುಗಿಯುತ್ತವೆ, ಚಳಿ ಇರುವಾಗಲೇ ನಸುಕಿನ ತಿರುಗಾಟ ಅಭ್ಯಾಸವಾಗುತ್ತದೆ, ಅದರ ಸಹಜವಾದ ಉಸಿರಿನ ಸದ್ದು ಯಾವುದು, ಕಷ್ಟದ ಸದ್ದು ಯಾವುದು ಎಂಬುದು ಶಿವರಾತ್ರಿಯೊಳಗೆ ಅಜ್ಜಿಯ ಕಿವಿಗೆ ಗುರುತಾಗಿರುತ್ತದೆ. “ಹಂಗಾದ್ರ ಹೊಳ್ಳಿ ನೋಡಾಕ ನೀವೂ ಬರ್ರಿ ಅಕ್ಕಾರ” ಎಂದಿದ್ದಾನೆ. ಹೋಗುತ್ತೇನೆ.