ಅಣ್ಣಿಗೇರಿಯ ಎರೆ ಹೊಲಕ್ಕೆ ಆರು ಮೀಟರ್ ಜಾಗ

ರೈಲಿನ ಮಾಡೆಲ್ ಕಟ್ಟೋಣ ಅಂದರೆ ಎಲ್ಲರಿಗೂ ಘಟ್ಟವೇ ಬೇಕು. ನಮ್ಮ ಹುಬ್ಬಳ್ಳಿ ಗೆಳೆಯರ ಗುಂಪಿನಲ್ಲೂ ಹಾಗೇ ಆಯಿತು. ಕ್ಯಾಸಲ್‌ರಾಕ್, ದೂಧಸಾಗರ, ಸುರಂಗ, ಸೇತುವೆ. ಬರೀ ಅದೇ ಮಾತು. ನಾನು ಮಾತ್ರ ಹುಬ್ಬಳ್ಳಿ-ಗದಗ ಲೈನ್ ಮಾಡೋಣ ಅಂದೆ. ಅದರಲ್ಲೂ ಅಣ್ಣಿಗೇರಿ ಕಡೆಯ ಬಯಲು ಇರಲೇಬೇಕು ಅಂತ ಹಟ ಹಿಡಿದೆ.

ನಮ್ಮಲ್ಲಿ ಒಬ್ಬರು ರಿಟೈರ್ಡ್ ಗಾರ್ಡ್ ಇದ್ದಾರೆ. ಎಲ್ಲರಿಗೂ ಅವರು ಕಾಕಾ. "ಅಲ್ಲೋ ತಮ್ಮಾ, ಬರೇ ಹೊಲದಾಗ ಏನೈತಿ ನೋಡಾಕ?" ಅಂದರು. ಅವರಿಗೆ ಆವತ್ತು ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮದು ಎಚ್‌ಒ ಸ್ಕೇಲ್. ಅಂದರೆ ನಿಜವಾದ 87 ಮೀಟರಿಗೆ ನಮ್ಮಲ್ಲಿ ಒಂದು ಮೀಟರ್. ಹುಬ್ಬಳ್ಳಿಯ ಆ ಉದ್ದನೆಯ ಪ್ಲಾಟ್‌ಫಾರ್ಮ್ ಗೊತ್ತಲ್ವಾ, 2023ರಲ್ಲಿ ಉದ್ಘಾಟನೆ ಆಗಿದ್ದು? ಅದು 1507 ಮೀಟರ್. ಅಳತೆಗೆ ಸರಿಯಾಗಿ ಮಾಡಿದರೆ ಅದೊಂದೇ 17 ಮೀಟರ್ ದಾಟುತ್ತದೆ. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 58 ಕಿಲೋಮೀಟರ್. ಅದನ್ನು ಅಳತೆ ಪ್ರಕಾರ ಹಾಕೋಕೆ 650 ಮೀಟರಿಗೂ ಜಾಸ್ತಿ ಜಾಗ ಬೇಕು. ನಮಗಿರೋದು ಕೇಶ್ವಾಪುರದಲ್ಲಿ ಒಬ್ಬ ಗೆಳೆಯನ ಮನೆಯ ಮಾಳಿಗೆ. ಹಾಗಾಗಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅನ್ನೋದೇ ಈ ಕೆಲಸದ ಅರ್ಧ.

ಸಾಮಾನ್ಯವಾಗಿ ಎಲ್ಲರೂ ಏನು ಮಾಡುತ್ತಾರೆ? ಸ್ಟೇಷನ್‌ಗಳನ್ನೆಲ್ಲ ಇಟ್ಟುಕೊಂಡು ನಡುವಿನ ನೆಲವನ್ನು ಕತ್ತರಿಸುತ್ತಾರೆ. ಆಗ ಏನಾಗುತ್ತದೆ ನೋಡಿ. ಒಂದು ಬೋಗಿ ನಮ್ಮ ಅಳತೆಯಲ್ಲಿ ಸುಮಾರು 25 ಸೆಂಟಿಮೀಟರ್. ಎಂಟು ಬೋಗಿಯ ಪ್ಯಾಸೆಂಜರ್ ಗಾಡಿ ಇಂಜಿನ್ ಸೇರಿ ಎರಡು ಮೀಟರ್ ಮೀರುತ್ತದೆ. ಸ್ಟೇಷನ್‌ಗಳು ಒಂದರ ಪಕ್ಕ ಒಂದು ಇದ್ದರೆ, ಇಂಜಿನ್ ಅಣ್ಣಿಗೇರಿ ಮುಟ್ಟಿದಾಗ ಕೊನೆಯ ಬೋಗಿ ಇನ್ನೂ ಹೆಬಸೂರು ಬಿಟ್ಟಿರೋದಿಲ್ಲ. ಗಾಡಿ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದೆ ಅಂತ ಅನ್ನಿಸೋದೇ ಇಲ್ಲ. ಅದಕ್ಕೇ ನಾನು ಕುಸುಗಲ್ ಸ್ಟೇಷನ್ ಬಿಡೋಣ, ಹುಬ್ಬಳ್ಳಿ ಯಾರ್ಡ್‌ನಲ್ಲಿ ಎರಡು ಲೈನ್ ಕಡಿಮೆ ಮಾಡೋಣ, ಆದರೆ ಹೆಬಸೂರು ಮತ್ತು ಅಣ್ಣಿಗೇರಿ ನಡುವೆ ಆರು ಮೀಟರ್ ಬರೀ ಹೊಲ ಬಿಡೋಣ ಅಂದೆ. ಈ ಲೈನಿನಲ್ಲಿ ಓಡಾಡಿದವರಿಗೆ ನೆನಪಿರೋದು ಆ ಬಯಲೇ. ಕಿಟಕಿಯಲ್ಲಿ ಎಷ್ಟು ಹೊತ್ತು ನೋಡಿದರೂ ಮುಗಿಯದ ಕರಿ ನೆಲ. ಅದನ್ನು ಬಿಟ್ಟು ಗದಗ ಲೈನ್ ಅನ್ನೋದಾದರೂ ಹೇಗೆ?

ಕೊನೆಗೆ ಒಪ್ಪಿದರು. ಒಪ್ಪಿದ ಮೇಲೆ ಎರೆ ಮಣ್ಣಿನ, ಅಂದರೆ ಆ ಕರಿ ಮಣ್ಣಿನ ಕೆಲಸ ಶುರುವಾಯಿತು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಅತಿ ಇಷ್ಟವಾದ ಕೆಲಸ ಅದು.

ಬಣ್ಣ ಬಳಿದು ಎರೆ ನೆಲ ಮಾಡೋಕೆ ಆಗೋದಿಲ್ಲ. ಹೊಲದ ಮಣ್ಣನ್ನೇ ತಂದೆವು. ಒಣಗಿಸಿ, ಕುಟ್ಟಿ, ಹಳೆ ಧೋತರದಲ್ಲಿ ಸೋಸಿದೆವು. ಆಮೇಲೆ ಅದರಲ್ಲಿ ಅಯಸ್ಕಾಂತ ಆಡಿಸಬೇಕು. ಮಣ್ಣಿನಲ್ಲಿ ಕಬ್ಬಿಣದ ಸಣ್ಣ ಕಣ ಇರುತ್ತವೆ. ಇಂಜಿನ್ನಿನ ಮೋಟಾರು ಅವನ್ನು ಎಳೆದುಕೊಂಡರೆ ಕೆಟ್ಟಿತು ಅಂತಲೇ ಲೆಕ್ಕ. ಮಣ್ಣಿಗೆ ಬರೀ ನೀರು ಕಲಸಿ ತೆಳ್ಳಗೆ ಬಳಿದು ಬಿಟ್ಟರೆ, ಒಣಗುತ್ತಾ ತಾನೇ ಬಿರಿಯುತ್ತದೆ. ಎಷ್ಟು ತೆಳ್ಳಗೆ ಬಳಿಯುತ್ತೀರೋ ಬಿರುಕು ಅಷ್ಟು ಸಣ್ಣ. ಹೊಲದಲ್ಲಿ ಐದು ಸೆಂಟಿಮೀಟರ್ ಅಗಲದ ಬಿರುಕು ನಮ್ಮ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮೊದಲೇ ಫೆವಿಕಾಲ್ ಕಲಸಿದರೆ ಬಿರಿಯೋದೇ ಇಲ್ಲ. ಬಿರಿದ ಮೇಲೆ ಫೆವಿಕಾಲನ್ನು ನೀರು ಮಾಡಿ, ಒಂದು ಹನಿ ಪಾತ್ರೆ ತೊಳೆಯುವ ಸೋಪ್ ಹಾಕಿ, ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡಬೇಕು. ಸೋಪ್ ಇದ್ದರೆ ಅಂಟು ಮೇಲೆ ನಿಲ್ಲದೆ ಒಳಗೆ ಇಳಿಯುತ್ತದೆ.

ಹಳಿಯ ಕೆಳಗೆ ಮಾತ್ರ ಎರೆ ಹಾಕಲಿಲ್ಲ. ನಿಜವಾದ ಲೈನಿನಲ್ಲೂ ಎರೆ ಮಣ್ಣು ಇಂಜಿನಿಯರುಗಳಿಗೆ ದೊಡ್ಡ ತಲೆನೋವು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಹಳಿಯ ಮಟ್ಟ ಕೆಡುತ್ತದೆ. ಅದಕ್ಕೇ ಬೇರೆ ಕಡೆಯ ಗಟ್ಟಿ ಮಣ್ಣು ತಂದು ಏರಿ ಕಟ್ಟುತ್ತಾರೆ. ನಾವೂ ಕೆಂಪು ಗರಸು ಪುಡಿ ಮಾಡಿ ಏರಿ ಮಾಡಿದೆವು. ಕಪ್ಪು ಹೊಲದ ನಡುವೆ ಆ ಕೆಂಪು ಪಟ್ಟಿ ಬಿದ್ದ ಕೂಡಲೇ ಮಾಡೆಲ್ ನಮ್ಮ ಕಡೆಯದು ಅನ್ನಿಸಿತು.

ಮಾಡೆಲ್‌ನಲ್ಲಿ ತೋರಿಸೋ ಕಾಲ ಎಳ್ಳಮಾವಾಸ್ಯೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ. ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಜೋಳಕ್ಕೆ ತೆಂಗಿನ ನಾರು ಕತ್ತರಿಸಿ ಬಣ್ಣ ಹಾಕಿದೆವು, ಒಂದೊಂದೂ ಎರಡು ಸೆಂಟಿಮೀಟರ್ ಎತ್ತರ. ಕಡಲೆಗೆ ಹಸಿರು ಬಣ್ಣದ ಕಟ್ಟಿಗೆ ಪುಡಿ. ಒಂದು ಚಕ್ಕಡಿಯಲ್ಲಿ ಚರಗ ಚೆಲ್ಲೋಕೆ, ಅಂದರೆ ಹೊಲಕ್ಕೆ ನೈವೇದ್ಯ ಎರಚೋಕೆ ಹೊರಟ ಮನೆ ಮಂದಿ ಇದ್ದಾರೆ, ಬುತ್ತಿ ಸಮೇತ. ಎತ್ತುಗಳು ಒಂದೂವರೆ ಸೆಂಟಿಮೀಟರ್ ಎತ್ತರ. ಕೋಡಿಗೆ ಕಟ್ಟಿದ ಗೊಂಡೆ ನೋಡಬೇಕಾದರೆ ಬಗ್ಗಲೇಬೇಕು. ಕಾಕಾನ ಮೊಮ್ಮಗಳು ಅದನ್ನು ಕೆಂಪು ದಾರದಿಂದ ಮಾಡಿದಳು. ಇಡೀ ಮಾಡೆಲ್‌ನಲ್ಲಿ ಅದಕ್ಕಿಂತ ಚೆನ್ನಾದ ಕೆಲಸ ಇಲ್ಲ.

ಕಾಕಾಗೆ ಮೀಟರ್ ಗೇಜ್, ಅಂದರೆ ಹಳೆಯ ಕಿರಿದಾದ ಹಳಿ ಬೇಕಿತ್ತು, ನಮ್ಮ ಅಳತೆಯಲ್ಲಿ ಎರಡು ಹಳಿಗಳ ನಡುವೆ 12 ಮಿಲಿಮೀಟರ್, ವೈಪಿ, ವೈಜಿ ಉಗಿ ಇಂಜಿನ್. 1990ರ ದಶಕದಲ್ಲಿ ಲೈನ್ ಅಗಲ ಹಳಿಯ ಬ್ರಾಡ್‌ಗೇಜ್ ಆದ ಮೇಲೆ ಅವೆಲ್ಲ ಹೋದವು. ಆದರೆ ಅಂಥ ಇಂಜಿನ್ ಎಚ್‌ಒ ಅಳತೆಯಲ್ಲಿ ನಮಗೆ ಸಿಗಲಿಲ್ಲ. ಹಾಗಾಗಿ 16.5 ಮಿಲಿಮೀಟರ್ ಹಳಿ, ಡೀಸೆಲ್ ಕಾಲ. ನಮ್ಮ ಬ್ರಾಡ್‌ಗೇಜ್ ಅಳತೆಗೆ ನಿಜವಾಗಿ 19 ಮಿಲಿಮೀಟರ್ ಮೇಲೆ ಬೇಕು. ಇರಲಿ, ಇದೊಂದು ರಾಜಿ.

ಅವರು ಕೇಳಿದ ಇನ್ನೊಂದನ್ನು ಮಾತ್ರ ಖುಷಿಯಿಂದ ಮಾಡಿದೆವು. "ನೆಟ್ಟಗ ಹಾಕಬ್ಯಾಡ್ರೀ, ಸ್ವಲ್ಪ ಬಾಗಸ್ರಿ. ಹಿಂದಿನ ಡಬ್ಬಿಯಿಂದ ಗಾರ್ಡಗ ಇಂಜಿನ್ ಕಾಣೂದು ತಿರುವಿನಾಗ ಅಷ್ಟ" ಅಂದರು. ಆರು ಮೀಟರಿನಲ್ಲಿ ಸಣ್ಣದೊಂದು ಬಾಗು ಕೊಟ್ಟೆವು. ಅವರು ಈಗ ಗಾಡಿ ಬಿಟ್ಟಾಗಲೆಲ್ಲ ಕೊನೆಯ ಬೋಗಿಯ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತಾರೆ. ಹೊಲದಾಗ ಏನೈತಿ ಅಂತ ಮತ್ತೆ ಕೇಳಿಲ್ಲ.

ಮುಂದೆ ಹುಲಕೋಟಿ, ಆಮೇಲೆ ಗದಗ ಜಂಕ್ಷನ್. ಹಿಂದಿನ ಪರದೆಯ ಮೇಲೆ ಕಪ್ಪತಗುಡ್ಡ ಬರೆಯಬೇಕು. ಅಣ್ಣಿಗೇರಿ, ಹುಲಕೋಟಿ ಸ್ಟೇಷನ್ನಿನ ಹಳೆಯ ಫೋಟೋ ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಇದ್ದರೆ ದಯವಿಟ್ಟು ತೋರಿಸಿ. ಮದುವೆ ದಿಬ್ಬಣ ಇಳಿದಾಗ ತೆಗೆಸಿದ್ದಾದರೂ ನಡೆಯುತ್ತದೆ. ನಮಗೆ ಬೇಕಾಗಿರೋದು ಹಿಂದೆ ಕಾಣುವ ಕಟ್ಟಡದ ಗೋಡೆ, ಛಾವಣಿ, ಹೆಸರಿನ ಬೋರ್ಡು.